ದುಬೈ ಶಾಲೆಯಿಂದ ಆಫರ್ ಬಂದಿದೆ, ಏಜೆಂಟ್ ವಿಸಿಟ್ ವೀಸಾದಲ್ಲಿ ಬನ್ನಿ ಅಂತಿದ್ದಾರೆ: ಹೋಗಬಹುದಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ವಯಸ್ಸು 35. ಬಿಎಸ್‌ಸಿ (ಪಿಸಿಎಂ) ಮತ್ತು ಬಿ.ಇಡಿ ರೆಗ್ಯುಲರ್, ಎಂಎಸ್‌ಸಿ ಮಾತ್ರ ಮುಕ್ತ ವಿಶ್ವವಿದ್ಯಾಲಯದಿಂದ. ಈಗಿನ ಸಂಬಳ 26,000 ರೂಪಾಯಿ. ದುಬೈನ ಒಂದು ಸಿಬಿಎಸ್‌ಇ ಶಾಲೆಯಿಂದ ಆಫರ್ ಬಂದಿದೆ. ತಿಂಗಳಿಗೆ 4,200 ದಿರ್ಹಂ. ಅದರಲ್ಲಿ ಮೂಲ ವೇತನ 1,700, ಉಳಿದದ್ದು ಭತ್ಯೆ. ಏಜೆಂಟ್ 1.8 ಲಕ್ಷ ಕೇಳುತ್ತಿದ್ದಾರೆ. ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ ಅಂತಾರೆ. ನಮ್ಮ ಯಜಮಾನರಿಗೆ ಅಂಗಡಿ ಇದೆ, ಮಗಳಿಗೆ ಆರು ವರ್ಷ. ಏನೇನು ಸಿದ್ಧತೆ ಬೇಕು? ನನ್ನ ಇಂಗ್ಲಿಷ್ ಸಾಕಾ? ಮಗಳನ್ನು ಕರೆದುಕೊಂಡು ಹೋಗಬಹುದಾ? ಇಲ್ಲಿ ಯಾವಾಗ ರಾಜೀನಾಮೆ ಕೊಡಲಿ?

ಉತ್ತರ: ಮೊದಲು ಏಜೆಂಟ್ ವಿಷಯ ಮುಗಿಸೋಣ. ಹಣ ಕೊಡಬೇಡಿ. ವಿಸಿಟ್ ವೀಸಾದಲ್ಲಿ ಹೋಗಬೇಡಿ. ಉಳಿದ ಪ್ರಶ್ನೆಗಳಿಗೆ ನಿಧಾನವಾಗಿ ಯೋಚಿಸಿ ತೀರ್ಮಾನ ಮಾಡಬಹುದು, ಇದಕ್ಕೆ ಮಾತ್ರ ಇವತ್ತೇ ಉತ್ತರ ಬೇಕು.

ಯುಎಇಯ ಕಾರ್ಮಿಕ ಕಾನೂನಿನ ಪ್ರಕಾರ, ನೇಮಕಾತಿಯ ಖರ್ಚನ್ನು ಕೆಲಸ ಕೊಡುವವರೇ ಹೊರಬೇಕು. ಕೆಲಸಕ್ಕೆ ಬರುವವರಿಂದ ನೇರವಾಗಿಯಾಗಲಿ, ಸುತ್ತುಬಳಸಿಯಾಗಲಿ ವಸೂಲಿ ಮಾಡುವಂತಿಲ್ಲ. 2021ರ ಕಾನೂನಿನಲ್ಲಿ ಇದು ಸ್ಪಷ್ಟವಾಗಿದೆ. ನಮ್ಮ ಕಡೆಯಲ್ಲೂ ನಿಯಮ ಇದೆ. ವಿದೇಶಾಂಗ ಸಚಿವಾಲಯದ ಪರವಾನಗಿ ಇರುವ ಏಜೆಂಟ್ ಸೇವಾಶುಲ್ಕ ಅಂತ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ. ಅದರ ಮೇಲೆ 18% ಜಿಎಸ್‌ಟಿ ಸೇರಿದರೆ 35,400. ಅದಕ್ಕೂ ರಸೀದಿ ಕೊಡಬೇಕು. 1.8 ಲಕ್ಷ ಕೇಳುವವರು ಯಾವ ಲೆಕ್ಕದಲ್ಲೂ ಸರಿಯಿಲ್ಲ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರವಾನಗಿ ಇರುವ ಏಜೆಂಟರ ಪಟ್ಟಿ ಇದೆ. ಅವರ ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ ಹಾಕಿ ನೋಡಿ. ಸಂಖ್ಯೆ ಕೇಳಿದ ತಕ್ಷಣ ಅವರ ಮಾತು ಬದಲಾದರೆ, ಅಲ್ಲಿಗೇ ಬಿಟ್ಟುಬಿಡಿ.

ವಿಸಿಟ್ ವೀಸಾ ಇನ್ನೂ ಕೆಟ್ಟದ್ದು. ಆ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ. 2024ರಲ್ಲಿ ಕಾನೂನು ಬಿಗಿ ಮಾಡಿ, ಪರ್ಮಿಟ್ ಇಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳುವವರಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡ ಇಟ್ಟಿದ್ದಾರೆ. ಆದರೆ ದಂಡ ಅವರಿಗೆ ಬಿದ್ದರೂ ತೊಂದರೆ ನಿಮಗೇ. ವೀಸಾ ದಿನ ಮುಗಿಯುತ್ತಾ ಬಂದ ಹಾಗೆ ನಿಮ್ಮ ಮಾತಿಗೆ ಬೆಲೆ ಕಡಿಮೆಯಾಗುತ್ತೆ. 4,200 ಅಂದವರು 3,000 ಅನ್ನುತ್ತಾರೆ. ವಾಪಸ್ ಟಿಕೆಟ್ ದುಡ್ಡಿಗೂ ಪರದಾಡುವಾಗ ಹೆಚ್ಚಿನವರು ಸಹಿ ಹಾಕಿಬಿಡುತ್ತಾರೆ. ಹೀಗೆ ಸಿಕ್ಕಿಕೊಂಡ ಶಿಕ್ಷಕಿಯರನ್ನು ನಾನು ನೋಡಿದ್ದೇನೆ. ಓದು, ಅನುಭವ, ಆತ್ಮಗೌರವ ಎಲ್ಲಾ ಇದ್ದವರು. ಅವಸರ ಒಂದೇ ಅವರನ್ನು ಕೆಡಿಸಿದ್ದು.

ಸರಿಯಾದ ದಾರಿ ಹೀಗಿದೆ. ಶಾಲೆ ಮೊದಲು ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಲೆಟರ್ ಕಳಿಸುತ್ತೆ. ನೀವು ಸಹಿ ಮಾಡಿದ ಮೇಲೆ ಉದ್ಯೋಗದ ಎಂಟ್ರಿ ಪರ್ಮಿಟ್ ತೆಗೆಸುತ್ತೆ. ಅದು ಕೈಗೆ ಬಂದ ಮೇಲೆ ನೀವು ವಿಮಾನ ಹತ್ತುತ್ತೀರಿ. ಅಲ್ಲಿ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ರೆಸಿಡೆನ್ಸಿ (ಅಲ್ಲಿ ವಾಸಿಸುವ ವೀಸಾ) ಆಗುತ್ತೆ. ಆಫರ್ ಲೆಟರ್‌ನಲ್ಲಿ ಇರುವುದೇ ಒಪ್ಪಂದದಲ್ಲೂ ಇರಬೇಕು. ಶಾಲೆಯ ಲೆಟರ್‌ಹೆಡ್‌ನಲ್ಲಿ ಬಂದ ಪಿಡಿಎಫ್ ಒಂದೇ ಇದ್ದರೆ ಅದನ್ನು ಕೆಲಸ ಅಂತ ಎಣಿಸಬೇಡಿ. ಶಾಲೆಯ ಜಾಲತಾಣದಲ್ಲಿರುವ ಅಧಿಕೃತ ಇಮೇಲ್‌ಗೆ ನೀವೇ ನೇರವಾಗಿ ಬರೆಯಿರಿ. "ನನ್ನ ಹೆಸರಿಗೆ ಆಫರ್ ಕೊಟ್ಟಿದ್ದೀರಾ, ಯಾವ ವೀಸಾದಲ್ಲಿ ಕರೆಸುತ್ತೀರಿ" ಅಂತ ಎರಡೇ ಸಾಲು. ಎಷ್ಟೋ ಸಲ ಶಾಲೆಗೆ ಏಜೆಂಟ್ ಹಣ ಕೇಳಿದ್ದೇ ಗೊತ್ತಿರುವುದಿಲ್ಲ.

ಶಾಲೆಯ ಬಗ್ಗೆಯೂ ನೀವು ವಿಚಾರಿಸಬೇಕು. ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಕೆಎಚ್‌ಡಿಎ ಎಂಬ ಸರ್ಕಾರಿ ಸಂಸ್ಥೆ. ಅಬುಧಾಬಿಗೆ ಅಡೆಕ್, ಶಾರ್ಜಾಗೆ ಸ್ಪಿಯಾ. ಕೆಎಚ್‌ಡಿಎ ವರ್ಷಗಟ್ಟಲೆ ಶಾಲೆಗಳ ತಪಾಸಣೆ ಮಾಡಿ ವರದಿಯನ್ನು ಎಲ್ಲರಿಗೂ ಸಿಗುವಂತೆ ಹಾಕಿದೆ. 2023-24ರ ವರದಿ ಇದ್ದರೆ ಅದನ್ನು ಪೂರ್ತಿ ಓದಿ. ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಆಕ್ಸೆಪ್ಟಬಲ್, ವೀಕ್ ಅಂತ ಶ್ರೇಣಿ ಇರುತ್ತೆ. ನಾನು ಶ್ರೇಣಿಗಿಂತ ಮೊದಲು ನೋಡುವುದು ಬೇರೆ ಒಂದು ಅಂಕಿ. ವರದಿಯ ಆರಂಭದ ಪುಟಗಳಲ್ಲಿ ಶಾಲೆಯ ವಿವರ ಇರುತ್ತೆ. ಅಲ್ಲಿ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು, ವರ್ಷಕ್ಕೆ ಎಷ್ಟು ಶೇಕಡಾ ಶಿಕ್ಷಕರು ಬಿಟ್ಟುಹೋಗುತ್ತಾರೆ ಅಂತ ಕೊಟ್ಟಿರುತ್ತಾರೆ. ಮೂರರಲ್ಲಿ ಒಬ್ಬರು ಪ್ರತಿ ವರ್ಷ ಬಿಡುವ ಶಾಲೆ ಆಗಿದ್ದರೆ ನೂರು ಸಲ ಯೋಚಿಸಿ.

ಇನ್ನು ಸಂಬಳ. ಒಂದು ದಿರ್ಹಂಗೆ ಸುಮಾರು 24 ರೂಪಾಯಿ ಹಿಡಿದರೆ 4,200 ಅಂದ್ರೆ ಒಂದು ಲಕ್ಷ. ವೈಯಕ್ತಿಕ ಆದಾಯ ತೆರಿಗೆ ಅಲ್ಲಿಲ್ಲ. 26,000ದಲ್ಲಿ ಸಂಸಾರ ನಡೆಸುತ್ತಿರುವವರಿಗೆ ಇದು ದೊಡ್ಡ ಮೊತ್ತವೇ. ಆದರೆ ರೂಪಾಯಿಗೆ ತಿರುಗಿಸಿ ನೋಡುವುದನ್ನು ಬಿಡಿ. ಖರ್ಚಾಗುವುದು ದಿರ್ಹಂನಲ್ಲಿ. ಒಬ್ಬರೇ ಇದ್ದು, ಹಂಚಿಕೊಂಡ ಕೋಣೆಯಲ್ಲಿ ಒಂದು ಬೆಡ್ ಸ್ಪೇಸ್ ಹಿಡಿದರೆ 700ರಿಂದ 1,200 ಆಗುತ್ತೆ. ಊಟ, ಓಡಾಟ, ಫೋನ್ ಸೇರಿ ಇನ್ನೊಂದು ಸಾವಿರ. ಅಷ್ಟರಲ್ಲಿ ಬಿಗಿಯಾಗಿ ಇದ್ದರೆ ತಿಂಗಳಿಗೆ 2,000 ದಿರ್ಹಂ ಊರಿಗೆ ಕಳಿಸಬಹುದು.

ನಿಮ್ಮ ಆಫರ್‌ನಲ್ಲಿ ನನಗೆ ಹಿಡಿಸದೇ ಇದ್ದದ್ದು ಆ 1,700. ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ. ಒಂದು ವರ್ಷ ತುಂಬಿರಬೇಕು. ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಮೂಲ ವೇತನ. ಆಮೇಲೆ ವರ್ಷಕ್ಕೆ 30 ದಿನದ್ದು. 1,700 ಇದ್ದರೆ ವರ್ಷಕ್ಕೆ 1,190 ದಿರ್ಹಂ. ಅದೇ 4,200ರ ಒಳಗೆ ಮೂಲ ವೇತನ 2,800 ಇದ್ದಿದ್ದರೆ 1,960. ಶಾಲೆಗೆ ತಿಂಗಳ ಖರ್ಚು ಒಂದೇ, ನಿಮಗೆ ಐದು ವರ್ಷದಲ್ಲಿ ಸುಮಾರು 3,850 ದಿರ್ಹಂ ವ್ಯತ್ಯಾಸ. ಕೇಳಿ ನೋಡಿ. ಗಣಿತ ಶಿಕ್ಷಕರು ಬೇಕಾಗಿರುವ ಶಾಲೆಗಳು ಇಂಥದ್ದಕ್ಕೆ ಒಪ್ಪುವುದುಂಟು.

ಜೊತೆಗೆ ಇನ್ನೊಂದು ಮಾತನ್ನು ಬರಹದಲ್ಲಿ ಕೇಳಿ. ಸಿಬಿಎಸ್‌ಇ ಶಾಲೆಗಳು ಅಲ್ಲೂ ಏಪ್ರಿಲ್‌ನಲ್ಲೇ ಶುರು. ಜುಲೈ, ಆಗಸ್ಟ್ ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಸೇರಿದವರಿಗೆ ಮೊದಲ ವರ್ಷದ ಆ ಎರಡು ತಿಂಗಳ ಪೂರ್ತಿ ಸಂಬಳ ಉಂಟಾ, ಇಲ್ಲವಾ? ಕೆಲವು ಕಡೆ ಸೇವೆ ಮಾಡಿದ ತಿಂಗಳಿಗೆ ತಕ್ಕಷ್ಟು ಮಾತ್ರ ಕೊಡುತ್ತಾರೆ. ಗೊತ್ತಿಲ್ಲದೆ ಹೋದವರಿಗೆ ಆಗಸ್ಟ್ ಬಾಡಿಗೆ ಕಟ್ಟುವಾಗ ತಿಳಿಯುತ್ತೆ. ಹಾಗೇ ವಿಮಾನದ ಟಿಕೆಟ್ ಯಾವಾಗ, ಎಷ್ಟು ಸಲ, ಆರೋಗ್ಯ ವಿಮೆ ಎಂಥದ್ದು, ಮಗಳಿಗೆ ಅದೇ ಶಾಲೆಯಲ್ಲಿ ಫೀಸು ರಿಯಾಯಿತಿ ಎಷ್ಟು, ಇವನ್ನೂ ಬರೆಸಿಕೊಳ್ಳಿ. ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ದೇಶಕ್ಕೆ ವಾಪಸ್ ಬರುವುದಾದರೆ 14 ದಿನದ ನೋಟಿಸ್, ಅಲ್ಲೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳು.

ಈಗ ಕಾಗದಪತ್ರ. ಕರ್ನಾಟಕದಿಂದ ಹೋಗುವವರು ಹೆಚ್ಚಾಗಿ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಿಮ್ಮ ಎಲ್ಲ ದಾಖಲೆಗಳನ್ನೂ ಒಂದು ಮೇಜಿನ ಮೇಲೆ ಹರಡಿ, ಹೆಸರಿನ ಕಾಲಂ ಮಾತ್ರ ನೋಡುತ್ತಾ ಹೋಗಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಿಯುಸಿ, ಡಿಗ್ರಿ, ಬಿ.ಇಡಿ, ಆಧಾರ್, ಪಾಸ್‌ಪೋರ್ಟ್, ಮದುವೆ ಪ್ರಮಾಣಪತ್ರ. ನಮ್ಮಲ್ಲಿ ಹೆಸರಿನ ಮುಂದೆ ಊರು, ತಂದೆ ಹೆಸರಿನ ಮೊದಲಕ್ಷರ ಹಾಕುವುದು ರೂಢಿ. ಅಂಕಪಟ್ಟಿಯಲ್ಲಿ "ಸವಿತಾ ಎಚ್.ಎನ್." ಇರುತ್ತೆ. ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ಬಿಡಿಸಿ ಬರೆದಿರುತ್ತೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತೆ. ನಮಗೆ ಇದೆಲ್ಲ ಒಬ್ಬರೇ ಅಂತ ಗೊತ್ತು. ಅಲ್ಲಿನ ಕಂಪ್ಯೂಟರ್‌ಗೆ ಇವರು ಮೂರು ಜನ. ಇನ್ನು ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಒಂದೇ ಪದದ ಹೆಸರು. 2022ರ ನವೆಂಬರ್‌ನಿಂದ ಅಂಥವರನ್ನು ವಿಸಿಟ್ ವೀಸಾದಲ್ಲಿ ಯುಎಇ ಒಳಗೆ ಬಿಡುವುದಕ್ಕೆ ತಕರಾರು ಶುರುವಾಯಿತು. ನಿಮ್ಮನ್ನು ನೋಡಲು ನಿಮ್ಮ ತಾಯಿ ಬರುವುದಿದ್ದರೆ ಅವರ ಪಾಸ್‌ಪೋರ್ಟನ್ನೂ ಈಗಲೇ ನೋಡಿಬಿಡಿ.

ನನ್ನ ಸಲಹೆ: ಪಾಸ್‌ಪೋರ್ಟ್ ಹೆಸರನ್ನು ಎಸ್‌ಎಸ್‌ಎಲ್‌ಸಿ, ಡಿಗ್ರಿ ದಾಖಲೆಗೆ ಹೊಂದಿಸಿ. ಡಿಗ್ರಿ ದಾಖಲೆಯನ್ನು ಪಾಸ್‌ಪೋರ್ಟ್‌ಗೆ ಹೊಂದಿಸಲು ಹೋದರೆ ವಿಶ್ವವಿದ್ಯಾಲಯದಲ್ಲಿ ತಿಂಗಳುಗಳು ಹೋಗುತ್ತವೆ. ಇನಿಶಿಯಲ್ ಬಿಡಿಸಿದ ವ್ಯತ್ಯಾಸ ಮಾತ್ರ ಇದ್ದರೆ, ಇಬ್ಬರೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಇಟ್ಟುಕೊಳ್ಳಿ. ಶಾಲೆಯ ಪಿಆರ್‌ಒಗೆ ಮುಂಚೆಯೇ ಸ್ಕ್ಯಾನ್ ಕಳಿಸಿ, ಇದು ಸಾಕಾ ಅಂತ ಕೇಳಿ. ಅಲ್ಲಿನ ಕಚೇರಿ ಕೆಲಸ ಮಾಡಿಸುವವರು ಅವರೇ.

ಇದಾದ ಮೇಲೆ ಅಟೆಸ್ಟೇಷನ್. ಡಿಗ್ರಿ ಮತ್ತು ಬಿ.ಇಡಿ ಪ್ರಮಾಣಪತ್ರಗಳಿಗೆ ಮೊದಲು ರಾಜ್ಯ ಸರ್ಕಾರದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಬೇಕು. ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ. ಅಪಾಸ್ಟಿಲ್ (ವಿದೇಶಾಂಗ ಸಚಿವಾಲಯದ ಒಂದೇ ಮುದ್ರೆಯ ದೃಢೀಕರಣ) ಮಾಡಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ ಅದು ಬೇರೆ ದೇಶಗಳಿಗೆ. ಮೂಲ ಪ್ರತಿಗಳೇ ಊರೂರು ಸುತ್ತುವುದರಿಂದ, ಕೊಡುವ ಮುಂಚೆ ಎಲ್ಲವನ್ನೂ ಬಣ್ಣದ ಸ್ಕ್ಯಾನ್ ಮಾಡಿ. ನಿಮ್ಮ ಈಗಿನ ಶಾಲೆ ಕೆಲಸಕ್ಕೆ ಸೇರುವಾಗ ಮೂಲ ದಾಖಲೆ ಇಟ್ಟುಕೊಂಡಿದ್ದರೆ, ರಾಜೀನಾಮೆಯ ಮಾತು ಎತ್ತುವ ಮುಂಚೆಯೇ ವಾಪಸ್ ಪಡೆಯಿರಿ.

ಅಟೆಸ್ಟೇಷನ್ ಅಂದ್ರೆ ಮುದ್ರೆ ಮಾತ್ರ. ಪದವಿ ನಿಜವಾ ಅಂತ ವಿಶ್ವವಿದ್ಯಾಲಯವನ್ನೇ ನೇರವಾಗಿ ಕೇಳುವ ಪರಿಶೀಲನೆ ಬೇರೆ ಇದೆ. ಇಮೇಲ್ ಬಂದರೂ ಪರೀಕ್ಷಾಂಗ ವಿಭಾಗದಿಂದ ಉತ್ತರ ಹೋಗದೆ ಅರ್ಜಿಗಳು ನಿಂತುಬಿಡುತ್ತವೆ. ಒಂದು ದಿನ ಬಿಡುವು ಮಾಡಿಕೊಂಡು ಅಲ್ಲಿಗೇ ಹೋಗಿ. ಇಂಥ ಪರಿಶೀಲನೆಗೆ ಯಾರು ಉತ್ತರ ಕೊಡುತ್ತಾರೆ, ಶುಲ್ಕ ಎಷ್ಟು, ಯಾವ ಇಮೇಲ್ ಅಂತ ತಿಳಿದುಕೊಂಡು ಬನ್ನಿ. ಅದೇ ದಿನ ಇನ್ನೆರಡು ಕೆಲಸ ಮುಗಿಸಿ. ಒಂದು, ಬಿಎಸ್‌ಸಿ ಮತ್ತು ಬಿ.ಇಡಿ ರೆಗ್ಯುಲರ್ ಆಗಿ ಓದಿದ್ದು ಅಂತ ಪತ್ರ. ಎರಡು, ಎಲ್ಲ ಸೆಮಿಸ್ಟರ್‌ಗಳ ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಓದಿದ ವಿಷಯ ಮತ್ತು ಅಂಕಗಳ ಅಧಿಕೃತ ಪಟ್ಟಿ. ಎರಡನೆಯದು ಯಾಕೆ ಅಂದ್ರೆ, ನಿಮ್ಮದು ಪಿಸಿಎಂ ಪದವಿ. ಮೂರೂ ವಿಷಯಕ್ಕೆ ಸಮ ಜಾಗ. ಪ್ರಮಾಣಪತ್ರದಲ್ಲಿ ಬರೀ "ಬ್ಯಾಚುಲರ್ ಆಫ್ ಸೈನ್ಸ್" ಅಂತ ಇರುತ್ತೆ. ಗಣಿತ ಶಿಕ್ಷಕಿಯಾಗಿ ಒಪ್ಪಿಗೆ ಕೊಡುವವರಿಗೆ, ನೀವು ಆರೂ ಸೆಮಿಸ್ಟರ್ ಗಣಿತ ಓದಿದ್ದೀರಿ ಅಂತ ಕಾಣಬೇಕು.

ಎಂಎಸ್‌ಸಿ ಬಗ್ಗೆ ನೇರವಾಗಿ ಹೇಳುತ್ತೇನೆ. ದೂರಶಿಕ್ಷಣದ ಪದವಿಗೆ ಅಲ್ಲಿ ಮನ್ನಣೆ ಸಿಗುತ್ತೆ ಅಂತ ಲೆಕ್ಕ ಹಾಕಿಕೊಳ್ಳಬೇಡಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿದ್ದರೆ ಓದಿದ ವರ್ಷವನ್ನೂ ನೋಡಬೇಕು. 2012-13ರ ನಂತರ ಯುಜಿಸಿ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕಿದ್ದು 2018-19ರಿಂದ. ನಡುವಿನ ವರ್ಷಗಳ ಪದವಿಯನ್ನು ಅರ್ಜಿಯ ಮುಖ್ಯ ಆಧಾರ ಮಾಡಿಕೊಳ್ಳಬೇಡಿ. ನಿಮ್ಮ ಅದೃಷ್ಟಕ್ಕೆ ಬಿಎಸ್‌ಸಿ, ಬಿ.ಇಡಿ ಎರಡೂ ರೆಗ್ಯುಲರ್. ಹತ್ತನೇ ತರಗತಿವರೆಗೆ ಕಲಿಸಲು ಅದರ ಮೇಲೆಯೇ ಅರ್ಜಿ ಹಾಕಿ. ಎಂಎಸ್‌ಸಿಯನ್ನು ಬಯೋಡೇಟಾದಲ್ಲಿ ಇದ್ದ ಹಾಗೇ ಬರೆಯಿರಿ, ದೂರಶಿಕ್ಷಣ ಅನ್ನುವುದನ್ನು ಮುಚ್ಚಿಡಬೇಡಿ. ಅಲ್ಲಿ ಪಾಠ ಮಾಡಲು ಬೇಕಾದ ಶಿಕ್ಷಕರ ಲೈಸೆನ್ಸ್‌ಗೆ ಯಾವ ಪದವಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಪರೀಕ್ಷೆ ಯಾವಾಗ ಬರೆಯಬೇಕು, ಅದರ ಶುಲ್ಕ ಯಾರದ್ದು ಅಂತ ಶಾಲೆಯಿಂದ ಬರಹದಲ್ಲಿ ಪಡೆಯಿರಿ.

ಅನುಭವ ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ಕಲಿಸಿದ ವಿಷಯ, ತರಗತಿ ಎಲ್ಲಾ ಇರಲಿ. ಅದರ ಮೇಲೆ ಬಿಇಒ ಮೇಲುಸಹಿ ಹಾಕಿಸಿ. ಕೆಲವು ಕಡೆ ಕೇಳುವುದಿಲ್ಲ, ಕೇಳಿದಾಗ ಅಲ್ಲಿಂದ ಬಂದು ಹಾಕಿಸಲು ಆಗುವುದಿಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತೆ, ಶುಲ್ಕ 500 ರೂಪಾಯಿ. ಅದನ್ನು ತುಂಬಾ ಮೊದಲೇ ಮಾಡಿಸಬೇಡಿ, ಹಳೆಯದಾದರೆ ಒಪ್ಪುವುದಿಲ್ಲ. ಇನ್ನು ಆರೋಗ್ಯ. ಅಲ್ಲಿಗೆ ಹೋದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಕಡ್ಡಾಯ. ಚಿಕ್ಕಂದಿನಲ್ಲಿ ಟಿಬಿ ಬಂದು ವಾಸಿಯಾಗಿದ್ದರೂ ಶ್ವಾಸಕೋಶದ ಕಲೆ ಎಕ್ಸ್‌ರೇಯಲ್ಲಿ ಕಂಡರೆ ವೀಸಾಗೆ ತೊಡಕಾಗಬಹುದು. ಹಾಸನದಲ್ಲೇ ಒಂದು ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಿ. ಕೆಲವು ನೂರು ರೂಪಾಯಿಯ ಕೆಲಸ ಅದು.

ಇಂಗ್ಲಿಷ್ ಸಾಕಾ ಅಂತ ಕೇಳಿದ್ದೀರಿ. ನಿಮ್ಮ ಪತ್ರದ ಧಾಟಿ ನೋಡಿದರೆ ನಿಮಗಿರುವ ಹೆದರಿಕೆ ಉಚ್ಚಾರಣೆಯದ್ದು. ಅದನ್ನು ಬಿಡಿ. ಆ ತರಗತಿಗಳಲ್ಲಿ ಕೇರಳ, ತಮಿಳುನಾಡು, ಪಂಜಾಬ್, ಹೈದರಾಬಾದ್ ಕಡೆಯ ಶಿಕ್ಷಕರು ಅವರವರ ಧಾಟಿಯಲ್ಲೇ ಪಾಠ ಮಾಡುತ್ತಾರೆ. ಮಕ್ಕಳಿಗೆ ಅದು ಅಭ್ಯಾಸ. ಬೇಕಾಗಿರುವುದು ಬೇರೆ. ನಮ್ಮಲ್ಲಿ ಮಗು ತಡವರಿಸಿದಾಗ ಕನ್ನಡದಲ್ಲಿ ಒಂದು ಮಾತು ಹೇಳಿ ಅರ್ಥ ಮಾಡಿಸಿಬಿಡುತ್ತೇವೆ, ಅಲ್ವಾ? ಅಲ್ಲಿ ಆ ದಾರಿ ಇಲ್ಲ. ಒಂದೇ ವಿಷಯವನ್ನು ಇಂಗ್ಲಿಷ್‌ನಲ್ಲೇ ಮೂರು ಬೇರೆ ರೀತಿ ಹೇಳಲು ಬರಬೇಕು. ಈಗಿನಿಂದ ನಿಮ್ಮ ತರಗತಿಯಲ್ಲೇ ಅಭ್ಯಾಸ ಮಾಡಿ. ಋಣ ಸಂಖ್ಯೆಗಳನ್ನು ಗುಣಿಸಿದರೆ ಧನ ಯಾಕೆ ಬರುತ್ತೆ ಅಂತ ಇಂಗ್ಲಿಷ್‌ನಲ್ಲಿ ವಿವರಿಸಿ, ಫೋನ್‌ನಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಿ, ಸಂಜೆ ಕೇಳಿ. ಎಲ್ಲಿ ನಿಂತಿರಿ ಅನ್ನುವುದು ನಿಮಗೇ ಗೊತ್ತಾಗುತ್ತೆ.

ನನ್ನ ಪ್ರಕಾರ ನಿಮಗೆ ಹೊಸದಾಗಿ ಕಾಣುವುದು ಪಾಠ ಅಲ್ಲ, ಪಾಠದ ಸುತ್ತಲಿನ ಕೆಲಸ. ಪ್ರತಿ ಪಾಠಕ್ಕೂ ಯೋಜನೆ ಬರೆಯಬೇಕು. ಅದರಲ್ಲಿ ಬೇಗ ಕಲಿಯುವ ಮಗುವಿಗೆ ಏನು, ಹಿಂದೆ ಉಳಿದ ಮಗುವಿಗೆ ಏನು ಅಂತ ಬೇರೆಬೇರೆ ಇರಬೇಕು. ವಿಶೇಷ ಅಗತ್ಯದ ಮಕ್ಕಳನ್ನು ಅಲ್ಲಿ "ಸ್ಟೂಡೆಂಟ್ಸ್ ಆಫ್ ಡಿಟರ್ಮಿನೇಷನ್" ಅಂತ ಕರೆಯುತ್ತಾರೆ. ಅವರು ನಿಮ್ಮ ತರಗತಿಯಲ್ಲೇ ಕೂತಿರುತ್ತಾರೆ. ಸಂದರ್ಶನದಲ್ಲಿ ಈ ಬಗ್ಗೆ ಕೇಳೇ ಕೇಳುತ್ತಾರೆ. ನಿಮ್ಮ ಈಗಿನ ತರಗತಿಯಲ್ಲಿ ಓದಲು ಕಷ್ಟಪಡುವ ಮಗುವಿಗೆ ನೀವು ನಿಜವಾಗಿ ಏನು ಮಾಡಿದಿರಿ ಅನ್ನುವುದನ್ನು ಹೇಳಿ. ಹೆಸರು ಹೇಳದೆ. ಪುಸ್ತಕದಿಂದ ಬಾಯಿಪಾಠ ಮಾಡಿದ ಉತ್ತರಕ್ಕಿಂತ ಅದು ಎಷ್ಟೋ ಮೇಲು. ಮುಖ್ಯಸ್ಥರು ಹೇಳದೇ ಕೇಳದೇ ತರಗತಿಗೆ ಬಂದು ಹಿಂದೆ ಕೂರುತ್ತಾರೆ. ಹೋಮ್‌ವರ್ಕ್ ಪುಸ್ತಕದಲ್ಲಿ ನೀವು ಬರೆದ ಷರಾ ಕೂಡ ನೋಡುತ್ತಾರೆ. ಮೊದಲ ತಿಂಗಳು ಇದು ಅವಮಾನ ಅನ್ನಿಸಬಹುದು. ಅಲ್ಲಿ ಇಪ್ಪತ್ತು ವರ್ಷ ಕಲಿಸಿದವರಿಗೂ ಇದೇ ನಡೆಯುತ್ತೆ.

ಪಠ್ಯದಲ್ಲಿ ಸಿಬಿಎಸ್‌ಇ ಹತ್ತನೇ ತರಗತಿಗೆ ಗಣಿತ ಎರಡು ಹಂತ: ಸ್ಟ್ಯಾಂಡರ್ಡ್, ಬೇಸಿಕ್. ಎರಡರ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ಮಂಡಳಿಯ ಜಾಲತಾಣದಿಂದ ಇಳಿಸಿ ಬಿಡಿಸಿ ನೋಡಿ. ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆಗಳು ಜಾಸ್ತಿ ಆಗಿವೆ. ಇನ್ನೊಂದು, ದುಬೈ ಶಾಲೆಗಳು ಟಿಮ್ಸ್ ಮತ್ತು ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಗಳನ್ನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತವೆ. ಟಿಮ್ಸ್ ನಾಲ್ಕು ಮತ್ತು ಎಂಟನೇ ತರಗತಿಗೆ, ಪೀಸಾ 15 ವರ್ಷದವರಿಗೆ. ಗಣಿತ ಶಿಕ್ಷಕರ ಮೇಲೆ ಅದರ ಭಾರ ನೇರವಾಗಿ ಬೀಳುತ್ತೆ. ಹಿಂದೆ ಬಿಡುಗಡೆ ಮಾಡಿದ ಪ್ರಶ್ನೆಗಳು ಉಚಿತವಾಗಿ ಸಿಗುತ್ತವೆ. ಡೆಮೊ ಕ್ಲಾಸ್‌ನಲ್ಲಿ ಅಂಥ ಒಂದು ಪ್ರಶ್ನೆಯಿಂದ ಶುರು ಮಾಡಿದರೆ ಕೇಳುತ್ತಿರುವವರು ಗಮನಿಸುತ್ತಾರೆ.

ಮಗಳ ವಿಷಯ ನಿಮ್ಮ ಪತ್ರದ ಅತಿ ಕಷ್ಟದ ಪ್ರಶ್ನೆ. ನಿಯಮದ ಪ್ರಕಾರ 4,000 ದಿರ್ಹಂ ಸಂಬಳ, ಅಥವಾ 3,000 ಮತ್ತು ವಸತಿ ಇದ್ದರೆ ಕುಟುಂಬವನ್ನು ಸ್ಪಾನ್ಸರ್ ಮಾಡಬಹುದು. ನಿಮ್ಮದು 4,200. ಕಾಗದದ ಮೇಲೆ ದಾಟುತ್ತೀರಿ. ಬದುಕಲು ಆಗುವುದಿಲ್ಲ. ಶಾರ್ಜಾದಲ್ಲಿ ಒಂದು ಸ್ಟುಡಿಯೊ ಮನೆಗೆ ವರ್ಷಕ್ಕೆ 25,000ರಿಂದ 35,000 ದಿರ್ಹಂ ಬಾಡಿಗೆ. ಅದನ್ನು ತಿಂಗಳು ತಿಂಗಳು ಕಟ್ಟುವ ಪದ್ಧತಿ ಕಡಿಮೆ, ಮುಂದಿನ ದಿನಾಂಕದ ಕೆಲವೇ ಚೆಕ್‌ಗಳಲ್ಲಿ ಕೊಡಬೇಕು. ಜೊತೆಗೆ ಠೇವಣಿ, ಬ್ರೋಕರ್ ಕಮಿಷನ್, ಮಗಳ ಫೀಸು, ಅವಳ ಮತ್ತು ಯಜಮಾನರ ವೀಸಾ, ವಿಮೆ. ಒಂದು ಸಂಬಳದಲ್ಲಿ ಇದು ತೂಗುವುದಿಲ್ಲ. ಅಂಗಡಿ ಮುಚ್ಚಿ ಯಜಮಾನರು ಬಂದು ಕೆಲಸ ಸಿಗದೇ ಕೂತರೆ ಇಬ್ಬರಿಗೂ ನೋವು.

ಹಾಗಾಗಿ ಎರಡೇ ದಾರಿ ನನಗೆ ಕಾಣುತ್ತವೆ. ಮೊದಲ ವರ್ಷ ನೀವೊಬ್ಬರೇ ಹೋಗುವುದು, ಅಥವಾ ಸಂಬಳ 6,000ದ ಹತ್ತಿರ ಬರುವ, ಮಗಳಿಗೆ ಪೂರ್ತಿ ಫೀಸು ಬಿಡುವ ಶಾಲೆ ಸಿಗುವವರೆಗೆ ಕಾಯುವುದು. ಆರು ವರ್ಷದ ಮಗುವನ್ನು ಬಿಟ್ಟು ಹೋಗುವುದು ಏನು ಅಂತ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದರ ಬಗ್ಗೆ ನಾನು ಉಪದೇಶ ಮಾಡುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ನೀವು ಸಾಲ ತೀರಿಸಲೇಬೇಕಾದ ಒತ್ತಡದಲ್ಲಿ ಇಲ್ಲದಿದ್ದರೆ, ಕಾಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಗಣಿತ ಶಿಕ್ಷಕರಿಗೆ ಪ್ರತಿ ವರ್ಷ ನೇಮಕಾತಿ ನಡೆಯುತ್ತೆ. ಅಷ್ಟರಲ್ಲಿ ಅಟೆಸ್ಟೇಷನ್, ಹೆಸರಿನ ಸಮಸ್ಯೆ ಎಲ್ಲಾ ಮುಗಿದಿರುತ್ತೆ. ಕಾಗದ ಸಿದ್ಧ ಇರುವವರಿಗೆ ಸಂಬಳದ ಮಾತಿನಲ್ಲೂ ಬಲ ಇರುತ್ತೆ.

ಮುಂದೆ ಮಗಳು ಹೋಗುವುದಾದರೆ ಅವಳ ಜನನ ಪ್ರಮಾಣಪತ್ರ ತೆಗೆದು ನೋಡಿ. ಎಷ್ಟೋ ಮಕ್ಕಳದ್ದರಲ್ಲಿ ಹೆಸರಿನ ಜಾಗ ಖಾಲಿ ಇರುತ್ತೆ, ಆಸ್ಪತ್ರೆಯಿಂದ ಬಂದ ಹಾಗೇ. ಅದಕ್ಕೂ ಮದುವೆ ಪ್ರಮಾಣಪತ್ರಕ್ಕೂ ಅದೇ ಅಟೆಸ್ಟೇಷನ್ ಸಾಲು. ಅಲ್ಲಿನ ಶಾಲೆಗಳಲ್ಲಿ ಒಂದರಿಂದ ಒಂಬತ್ತನೇ ತರಗತಿವರೆಗೆ ಅರೇಬಿಕ್ ಕಡ್ಡಾಯ. ಕನ್ನಡ ವಿಷಯವಾಗಿ ಸಿಗುವುದು ಅಪರೂಪ. ಆದರೆ ಕರ್ನಾಟಕಕ್ಕೆ ವಾಪಸ್ ಬಂದು ಶಾಲೆ ಸೇರಿದರೆ 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಅವಳು ಕನ್ನಡ ಓದಲೇಬೇಕು. ದುಬೈನಲ್ಲಿ ಕನ್ನಡ ಮಿತ್ರರು ಸಂಘಟನೆಯ ಕನ್ನಡ ಪಾಠಶಾಲೆ ಇದೆ, ವಾರದ ರಜೆಯಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಮೊದಲ ತಿಂಗಳಲ್ಲೇ ಸೇರಿಸಿ.

ಅಲ್ಲಿನ ಕಾನೂನಿನ ಬಗ್ಗೆ ನಾಲ್ಕು ಮಾತು. ಒಳ್ಳೆಯ ಉದ್ದೇಶದಿಂದಲೇ ತಪ್ಪಾಗುವ ವಿಷಯಗಳು ಇವು. ಮಕ್ಕಳ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಬೇಡಿ, ಶಾಲೆಯ ಒಪ್ಪಿಗೆ ಇಲ್ಲದೆ ತೆಗೆಯಲೂ ಬೇಡಿ. ವಾಟ್ಸಾಪ್‌ನಲ್ಲಿ ಬೈದು ಕಳಿಸಿದ ಸಂದೇಶವೂ ಅಲ್ಲಿ ಪೊಲೀಸ್ ಕೇಸ್ ಆಗುತ್ತೆ. ಊರಿನಲ್ಲಿ ಯಾರಿಗೋ ಆಪರೇಷನ್ ಅಂತ ಸ್ಟಾಫ್ ರೂಮಿನಲ್ಲಿ ಚಂದಾ ಎತ್ತಬೇಡಿ, ಅನುಮತಿ ಇಲ್ಲದೆ ಹಣ ಸಂಗ್ರಹ ಅಪರಾಧ. ಮನೆಪಾಠ ಹೇಳಬೇಕಿದ್ದರೆ ಅದಕ್ಕೂ ಪರ್ಮಿಟ್ ಬೇಕು. 2023ರ ಕೊನೆಯಿಂದ ಶಿಕ್ಷಕರಿಗೆ ಎರಡು ವರ್ಷದ ಪರ್ಮಿಟ್ ಉಚಿತವಾಗಿ ಕೊಡುತ್ತಿದ್ದಾರೆ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು, ಅದನ್ನು ಇಟ್ಟುಕೊಳ್ಳುವ ಹಕ್ಕು ಶಾಲೆಗೆ ಇಲ್ಲ. ಸಂಬಳದ ತಕರಾರು ಬಂದರೆ ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ದುಬೈನಲ್ಲಿ ನಮ್ಮ ಕಾನ್ಸುಲೇಟ್ ಇದೆ, ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342.

ಸಾಮಾನು ಕಟ್ಟುವಾಗ ಗಸಗಸೆ ಒಂದು ಕಾಳೂ ಇರಬಾರದು. ಅಲ್ಲಿ ಅದು ನಿಷೇಧಿತ ವಸ್ತು, ಮಾದಕ ದ್ರವ್ಯದ ಲೆಕ್ಕದಲ್ಲಿ ಬರುತ್ತೆ. ಮನೆಯಲ್ಲಿ ಮಾಡಿದ ಸಾಂಬಾರ್ ಪುಡಿ, ಮಸಾಲೆ ಪುಡಿ ತೆಗೆದುಕೊಂಡು ಹೋಗುವುದಾದರೆ ಅದಕ್ಕೆ ಗಸಗಸೆ ಹಾಕಿದ್ದಾರಾ ಅಂತ ಅಮ್ಮನನ್ನೋ ಅತ್ತೆಯವರನ್ನೋ ಕೇಳಿಯೇ ಕಟ್ಟಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಇರುವ ನೋವಿನ ಮಾತ್ರೆ ಕೂಡ ಬೇಡ. ಬೇರೆ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ.

ಬ್ಯಾಂಕ್ ಕೆಲಸ ಚಿಕ್ಕದು. ಹೋದ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರು ಇಲ್ಲಿನ ಆದಾಯ ಇಡುವ ಖಾತೆ) ಮಾಡಿಸಬೇಕು, ಅಲ್ಲಿಂದ ಹಣ ಕಳಿಸಲು ಎನ್‌ಆರ್‌ಇ (ವಿದೇಶದ ಗಳಿಕೆ ಇಡುವ ಖಾತೆ) ತೆರೆಯಬೇಕು. ಆಧಾರ್, ಪಿಎಫ್, ಬ್ಯಾಂಕ್ ಎಲ್ಲದಕ್ಕೂ ಜೋಡಿಸಿರುವ ಸಿಮ್ ಅನ್ನು ರೋಮಿಂಗ್‌ನಲ್ಲಿ ಜೀವಂತ ಇಡಿ. ಒಟಿಪಿ ಬರದೇ ಹೋದರೆ ಪಿಎಫ್ ಹಣ ಮುಟ್ಟಲು ಆಗುವುದಿಲ್ಲ. ಮೊದಲ ಸಂಬಳ ಬರುವವರೆಗೆ ಕೈಯಲ್ಲಿ 3,000 ದಿರ್ಹಂನಷ್ಟು ಇರಲಿ. ವಾಟ್ಸಾಪ್ ಕರೆ ಅಲ್ಲಿ ಕೆಲಸ ಮಾಡುವುದಿಲ್ಲ. ಮಗಳ ಜೊತೆ ದಿನಾ ಮಾತಾಡಲು ಬೋಟಿಮ್‌ನಂಥ ಆ್ಯಪ್ ಇಬ್ಬರ ಫೋನಿಗೂ ಈಗಲೇ ಹಾಕಿ, ಬಳಸುವುದನ್ನು ಯಜಮಾನರಿಗೆ ತೋರಿಸಿ ಹೋಗಿ.

ಕೊನೆಯ ಪ್ರಶ್ನೆ, ರಾಜೀನಾಮೆ. ಉದ್ಯೋಗದ ಎಂಟ್ರಿ ಪರ್ಮಿಟ್ ನಿಮ್ಮ ಕೈಗೆ ಬಂದು, ಅದರಲ್ಲಿ ನಿಮ್ಮ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುದ್ದೆ ಸರಿ ಇದೆ ಅಂತ ನೋಡುವವರೆಗೆ ಕೊಡಬೇಡಿ. ಅದು ಬಂದ ಮೇಲೆ ದೇಶದೊಳಗೆ ಹೋಗಲು 60 ದಿನ ಇರುತ್ತೆ. ನಿಮ್ಮ ಈಗಿನ ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಒಂದು ತಿಂಗಳಾ, ಮೂರು ತಿಂಗಳಾ ಅಂತ ಇವತ್ತೇ ನೋಡಿ. ಮೂರು ತಿಂಗಳಿದ್ದರೆ ದುಬೈ ಶಾಲೆಗೆ ಮುಂಚೆಯೇ ಹೇಳಿ, ಪರ್ಮಿಟ್ ತೆಗೆಸುವ ದಿನವನ್ನು ಅದಕ್ಕೆ ಹೊಂದಿಸಲು ಕೇಳಿ. ಮುಖ್ಯೋಪಾಧ್ಯಾಯರಿಗೆ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಪತ್ರ ಕೊಡಿ. ನಿಮ್ಮ ಎಸ್‌ಎಸ್‌ಎಲ್‌ಸಿ ಮಕ್ಕಳ ಪಾಠ ಎಲ್ಲಿಗೆ ಬಂದಿದೆ, ಯಾರು ಯಾವುದರಲ್ಲಿ ಹಿಂದಿದ್ದಾರೆ ಅಂತ ಬರೆದು ಮುಂದೆ ಬರುವವರಿಗೆ ಒಪ್ಪಿಸಿ. ರಾಜೀನಾಮೆಯ ನಕಲಿನ ಮೇಲೆ ಸ್ವೀಕೃತಿಯ ಸಹಿ, ಸೀಲು ಹಾಕಿಸಿಕೊಳ್ಳಿ. ಬಿಡುಗಡೆ ಪತ್ರ ಮತ್ತು ಮೇಲುಸಹಿ ಆದ ಅನುಭವ ಪತ್ರ ಎರಡೂ ನಿಮ್ಮ ಚೀಲದೊಳಗೆ ಸೇರಿದ ಮೇಲೆ ಬೆಂಗಳೂರಿನ ಬಸ್ ಹತ್ತಿ.